ಮೂರು ಮೈಕು, ಒಬ್ಬರೇ ಅತ್ತೆ

ಚಿನ್ನಾಳಪಟ್ಟಿಯಲ್ಲಿ ನೀರಿಗೆ ಬರ ಬಂದದ್ದುಂಟು, ನೂಲಿಗೆ ಬರ ಬಂದದ್ದುಂಟು, ಸದ್ದಿಗೆ ಮಾತ್ರ ಎಂದೂ ಬರ ಬಂದದ್ದಿಲ್ಲ. ದಿಂಡಿಗಲ್‌ನಿಂದ ಮದುರೆಯ ಕಡೆ ಹೊರಟರೆ ಹತ್ತು ಹನ್ನೆರಡು ಕಿಲೋಮೀಟರಿಗೆ ಸಿಗುವ ಊರು. ಹೆದ್ದಾರಿಯ ಲಾರಿಗಳ ಹಾರನ್ನು, ಮನೆಮನೆಯ ಮಗ್ಗದ ಟಕ್‌ಟಕಾ, ಮಗ್ಗದ ಪಕ್ಕದ ಗೂಡಿನಲ್ಲಿ 100.5ರ ಕೊಡೈಕಾನಲ್ ಎಫ್‌ಎಂ, ಗುಡಿಯ ಗೋಡೆಯ ಮೇಲೆ ಕೊಳವೆ ಸ್ಪೀಕರು, ಇವೆಲ್ಲ ಒಂದು ಗಳಿಗೆ ಸುಮ್ಮನಾದರೆ ಸಿರುಮಲೆ ಬೆಟ್ಟದ ಕಡೆಯಿಂದ ನವಿಲು. ಇಂಥ ಊರಿಗೆ ಮೈಕು ಹಿಡಿದುಕೊಂಡು ಹೋಗಿ, ‘ಸ್ಟುಡಿಯೋ ಗುಣಮಟ್ಟದ ಧ್ವನಿ’ ಹಿಡಿದು ತರುತ್ತೇನೆ ಎಂದು ಹೊರಟವನು ನಾನು. ಮೀನು ಮಾರ್ಕೆಟ್ಟಿನಲ್ಲಿ ಊದುಬತ್ತಿ ಅಂಗಡಿ ಇಡುವವನಿಗೂ ನನಗಿಂತ ಹೆಚ್ಚು ಲೋಕಜ್ಞಾನ ಇರುತ್ತದೆ.

ನಮ್ಮದು ನೇಯುವ ದೇವಾಂಗರ ಮನೆ. ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ತಮಿಳು, ಹೊಸಲು ದಾಟಿ ಒಳಗೆ ಬಂದರೆ ಕನ್ನಡ. ಅತ್ತ ತೇನಿ, ಕಂಬಂ ಕಣಿವೆಯ ಕಾಪ್ಪಿಲಿಯರ ಮನೆಗಳಲ್ಲೂ ಹೀಗೆಯೇ. ನಮ್ಮ ಕನ್ನಡ ಕಿವಿಯಿಂದ ಬಾಯಿಗೆ, ಬಾಯಿಂದ ಕಿವಿಗೆ ಓಡಾಡಿಕೊಂಡಿದೆ. ಕಣ್ಣಿಗೆ ಬಿದ್ದದ್ದು ಕಡಿಮೆ. ನಾನು ಕನ್ನಡ ಅಕ್ಷರ ಕಲಿತದ್ದು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದ ಮೇಲೆ, ಸಿಟಿ ಬಸ್ಸಿನ ಬೋರ್ಡು ನೋಡಿ. ನಾನು ಸ್ವಂತ ಬುದ್ಧಿಯಿಂದ ಓದಿದ ಮೊಟ್ಟಮೊದಲ ಕನ್ನಡ ಪದ ‘ಮೆಜೆಸ್ಟಿಕ್’.

ಈ ಕಥೆ ಶುರುವಾದದ್ದು ಹೋದ ವೈಗಾಸಿ ತಿಂಗಳಲ್ಲಿ, ನಮ್ಮ ಕಡೆಯ ಒಂದು ಮದುವೆಯಲ್ಲಿ. ಊಟ ಮುಗಿದು ಎಲೆ ಅಡಿಕೆ ತಟ್ಟೆ ಸುತ್ತುವ ಹೊತ್ತಿಗೆ, ಎಪ್ಪತ್ತೆಂಟು ವರ್ಷದ ನಮ್ಮ ಸೋದರತ್ತೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಒಗಟು ಬಿಡುತ್ತಿದ್ದರು. ನಾನು ಹೋದಾಗ ಬಂದದ್ದು ಇದು:

“ದಿನಾ ಅತ್ತೂರು ನಡೀತಾನೆ, ಒಸಲು ದಾಟಿಲ್ಲ, ಒಟ್ಟೆ ತುಂಬಾ ನೂಲು, ಉಡೋಕೆ ಕೋಮಣ ಇಲ್ಲ. ಯಾರು?”

ಅತ್ತೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ ಎಂಬುದನ್ನು ಗಮನಿಸಿಕೊಂಡು ಓದಬೇಕು. ನೇಕಾರನ ಮಗ ನಾನು, ಇದು ಗೊತ್ತಾಗದೆ ಇರುತ್ತದೆಯೇ? “ಲಾಳಿ!” ಎಂದೆ. ಮಗ್ಗದ ಈ ತುದಿಯಿಂದ ಆ ತುದಿಗೆ ದಿನವಿಡೀ ಓಡುತ್ತದೆ, ಮಗ್ಗ ಬಿಟ್ಟು ಆಚೆ ಹೋಗುವುದಿಲ್ಲ, ಹೊಟ್ಟೆಯೊಳಗೆ ನೂಲಿನ ಕಂಡಿಕೆ, ಮೈಮೇಲೆ ಏನೂ ಇಲ್ಲ. ಎಲ್ಲ ಸರಿಹೋಯಿತಲ್ಲ!

ಅತ್ತೆ ಎಲೆಗೆ ಸುಣ್ಣ ಸವರುತ್ತಾ ನನ್ನನ್ನು ನೋಡಿದರು. “ಎಲ್ಲಾ ಪೆದ್ದರೂ ಅದ್ನೇ ಏಳದು. ಲಾಳಿ ಅಲ್ಲ ಕಣಪ್ಪ.”

“ಮತ್ತೆ?”

“ಮುಂದ್ಲ ಸಲ ಬಾ, ಏಳ್ತೀನಿ.”

ಬೆಂಗಳೂರಿಗೆ ವಾಪಸು ಬರುವ ರಾತ್ರಿ ಬಸ್ಸಿನಲ್ಲಿ ನನಗೆ ಜ್ಞಾನೋದಯವಾಯಿತು. ರಾತ್ರಿ ಬಸ್ಸಿನಲ್ಲಿ ಆಗುವ ಜ್ಞಾನೋದಯಗಳನ್ನು ಹಗಲಿನಲ್ಲಿ ಒಮ್ಮೆ ಪರೀಕ್ಷಿಸಬೇಕು ಎಂದು ಆಗ ಗೊತ್ತಿರಲಿಲ್ಲ. ಅತ್ತೆಯ ಒಗಟು, ಕಥೆ, ಬೈಗುಳ, ಎಲ್ಲವನ್ನೂ ನಮ್ಮ ಮನೆಗನ್ನಡದಲ್ಲೇ ಹಿಡಿದು ಒಂದು ಪಾಡ್‌ಕಾಸ್ಟ್ ಮಾಡಬೇಕು! ಆ ಪದ ಹುಟ್ಟಿದ್ದೇ 2004ರಲ್ಲಿ, ಬ್ರಿಟನ್ನಿನ ಬೆನ್ ಹ್ಯಾಮರ್ಸ್ಲಿ ಎಂಬ ಪತ್ರಕರ್ತರ ಲೇಖನದಲ್ಲಿ. ಆದರೆ ಮನೆಯಲ್ಲಿ ಕೂತು ಊರಿಗೆ ಮಾತಾಡುವ ಹುಚ್ಚು ಕನ್ನಡದವರಿಗೆ ಅದಕ್ಕಿಂತ ಹಳೆಯದು. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಆಮೇಲೆ ದೇಶಕ್ಕೇ ಅಂಟಿತು. ಹೊಸೂರು ದಾಟುವ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಗೋಪಾಲಸ್ವಾಮಿಯವರ ಪಕ್ಕದ ಕುರ್ಚಿ ಖಾಲಿ ಇತ್ತು, ನಾನು ಅದರ ಧೂಳು ಒರೆಸುತ್ತಿದ್ದೆ.

ಜೇಬಿನಲ್ಲಿ ಫೋನಿತ್ತು. ಅದರಲ್ಲಿ ರೆಕಾರ್ಡರ್ ಇತ್ತು. ಅಂದೇ ಅಲ್ಲೇ ಒತ್ತಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ, ನನ್ನ ಇಪ್ಪತ್ತೇಳು ಸಾವಿರವೂ ಎಲ್ಲಿಗೂ ಹೋಗುತ್ತಿರಲಿಲ್ಲ. ಆದರೆ ಇಂಥ ಘನಕಾರ್ಯವನ್ನು ಫೋನಿನಲ್ಲಿ ಮಾಡುವುದುಂಟೆ? ‘ಒಳ್ಳೆಯ ಮೈಕು’ ಬೇಕು.

ಒಂದು ತಿಂಗಳು ಮೈಕುಗಳ ಬಗ್ಗೆ ಓದಿದೆ. ಪರೀಕ್ಷೆಗೆ ಇಷ್ಟು ಓದಿದ್ದರೆ ಇಷ್ಟು ಹೊತ್ತಿಗೆ ಚಾರ್ಟರ್ಡ್ ಅಕೌಂಟೆಂಟ್ ಆಗಿರುತ್ತಿದ್ದೆ. ಈಗ ಅಂಥವರೊಬ್ಬರ ಕೈಕೆಳಗೆ ಲೆಕ್ಕ ಬರೆಯುತ್ತೇನೆ. ಓದಿದ್ದರ ಸಾರ ಇಷ್ಟು: ಮೈಕಿನಲ್ಲಿ ಎರಡು ಜಾತಿ. ಒಂದು ಕಂಡೆನ್ಸರ್. ಅದರೊಳಗೆ ಬಿಗಿದು ಹಾಸಿದ ತೆಳು ಪೊರೆ, ಅದರ ಹಿಂದೆ ಒಂದು ತಗಡು, ಎರಡರ ನಡುವೆ ಕರೆಂಟಿನ ಚಾರ್ಜು. ಮಾತು ತಾಗಿ ಪೊರೆ ಅದುರಿದರೆ ಅದು ವಿದ್ಯುತ್ತಾಗಿ ಬರುತ್ತದೆ. ಬಹಳ ಸೂಕ್ಷ್ಮ. ಇನ್ನೊಂದು ಡೈನಮಿಕ್. ಅಯಸ್ಕಾಂತದ ನಡುವೆ ತಂತಿಯ ಸುರುಳಿ. ಸೈಕಲ್ಲಿನ ಡೈನಮೊದ ಪುಟ್ಟ ತಮ್ಮ. ಗಟ್ಟಿಮುಟ್ಟು, ಆದರೆ ಸ್ವಲ್ಪ ಮಂದ ಕಿವಿ. ಯಾವುದು ಬೇಕೆಂದು ನಿರ್ಧರಿಸುವ ಮೊದಲು ‘ನಿಮ್ಮ ಕೋಣೆ ಎಂಥದ್ದು’ ಎಂದು ಕೇಳಿಕೊಳ್ಳಿ ಎಂದು ಎಲ್ಲರೂ ಬರೆದಿದ್ದರು. ಅದೊಂದು ಸಾಲನ್ನು ಮಾತ್ರ ನಾನು ಹಾರಿಸಿ ಓದಿದ್ದೆ.

ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಕಂಡೆನ್ಸರ್ ಕೊಂಡೆ. 5,500 ರೂಪಾಯಿ. ಕಪ್ಪು ಪೆಟ್ಟಿಗೆ, ಒಳಗೆ ಮಖಮಲ್ಲು, ಅದರಲ್ಲಿ ಮಲಗಿದ ಹೊಳೆಯುವ ಮೈಕು. ಮದುವೆಯ ಒಡವೆ ತಂದಷ್ಟು ಜೋಪಾನವಾಗಿ ತೊಡೆಯ ಮೇಲಿಟ್ಟುಕೊಂಡು ಆಡಿ ತಿಂಗಳಲ್ಲಿ ಊರಿಗೆ ಹೋದೆ. ಅತ್ತೆಯ ಮುಂದೆ ಪೆಟ್ಟಿಗೆ ತೆರೆದೆ, ಮೈಕಿನ ಹಿಂಭಾಗ ನೋಡಿದೆ. ಮೂರು ಪಿನ್ನು. ನನ್ನ ಲ್ಯಾಪ್‌ಟಾಪಿನಲ್ಲಿ ಮೂರು ಪಿನ್ನಿನದು ಹೋಗುವ ಜಾಗವೇ ಇಲ್ಲ.

ಅಂಗಡಿಯವನಿಗೆ ಫೋನ್ ಮಾಡಿದೆ. ಅವನು ತಾಳ್ಮೆಯಿಂದ, “ಸಾರ್, ಅದಕ್ಕೆ ಇಂಟರ್‌ಫೇಸ್ ಬೇಕು. ಅದರಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಬರುತ್ತೆ. ಅದಿಲ್ಲದೆ ಕೆಲಸ ಮಾಡಲ್ಲ” ಎಂದ. ಸ್ಪೀಕರಿನಲ್ಲಿ ಹಾಕಿದ್ದರಿಂದ ಅತ್ತೆಗೂ ಕೇಳಿಸಿತು.

“ಏನಂತೆ?”

“ಫ್ಯಾಂಟಮ್ ಪವರ್ ಬೇಕಂತೆ ಅತ್ತೆ.”

“ಅಂಗಂದ್ರೆ?”

ಬಾಯಿ ಜಾರಿ ಅರ್ಥ ಹೇಳಿಬಿಟ್ಟೆ. “ಫ್ಯಾಂಟಮ್ ಅಂದ್ರೆ ದೆವ್ವ.”

ಮೈಕು ಕೆಲಸ ಮಾಡಲು ದೆವ್ವದ ಕರೆಂಟು ಬೇಕಾಗುತ್ತದೆ, ಅದೂ ಆಡಿ ತಿಂಗಳಲ್ಲಿ, ಎಂಬ ಸುದ್ದಿ ಅರ್ಧ ಗಂಟೆಯಲ್ಲಿ ಬೀದಿಯ ಕೊನೆ ಮುಟ್ಟಿತು. ಸಂಜೆ ಅತ್ತೆ ಪೆಟ್ಟಿಗೆಯ ಮೇಲೆ ಒಂದು ನಿಂಬೆಹಣ್ಣು ಇಟ್ಟಿದ್ದರು.

ಎರಡು ವಾರ ಬಿಟ್ಟು 8,200 ರೂಪಾಯಿಯ ಇಂಟರ್‌ಫೇಸ್ ಸಮೇತ ಹೋದೆ. ಜೊತೆಗೆ 1,300ರ ಸ್ಟ್ಯಾಂಡು, ಗೋಡೆಗೆ ಅಂಟಿಸಲು 1,600 ರೂಪಾಯಿಯ ಕಪ್ಪು ಫೋಮು. ‘ಪಾಪ್ ಫಿಲ್ಟರ್’ ಒಂದನ್ನೂ ಕೊಳ್ಳುವುದಿತ್ತು. ಪಕಾರ, ಫಕಾರಗಳ ಗಾಳಿ ಮೈಕಿಗೆ ಬಡಿದು ಢಬ್ ಎನ್ನದಂತೆ ಮುಂದೆ ಹಿಡಿಯುವ ಬಲೆ ಅದು. ಆಮೇಲೆ ಹೊಳೆಯಿತು: ನಮ್ಮ ಮನೆಗನ್ನಡದಲ್ಲಿ ಮಹಾಪ್ರಾಣವೇ ಇಲ್ಲ. ‘ಭೀಮ’ ನಮ್ಮ ಬೀದಿಗೆ ಬರುವಾಗ ‘ಬೀಮ’ನಾಗಿಯೇ ಬರುತ್ತಾನೆ. ಇಷ್ಟು ವರ್ಷ ಬೆಂಗಳೂರಿನವರು ನಗುತ್ತಿದ್ದ ಉಚ್ಚಾರಣೆಯಿಂದ ನನಗೆ 400 ರೂಪಾಯಿ ಉಳಿಯಿತು. ಇಡೀ ವ್ಯವಹಾರದಲ್ಲಿ ಆದ ಒಂದೇ ಲಾಭ ಇದು.

ಮೈಕಿಗೆ ದೆವ್ವದ ಕರೆಂಟು ಕೊಟ್ಟೆ. ಹೆಡ್‌ಫೋನು ಹಾಕಿಕೊಂಡೆ. ಅತ್ತೆ ಕಥೆ ಶುರು ಮಾಡಿದರು. ಅಬ್ಬಾ! ಕಂಡೆನ್ಸರಿನ ಕಿವಿ ಎಂದರೆ ಕಿವಿ. ಅತ್ತೆಯ ಮಾತು ಕೇಳಿತು. ಅವರ ಬಾಯೊಳಗೆ ಅಡಿಕೆ ಹೋಳಾಗುವುದು ಕೇಳಿತು. ಅಡುಗೆಮನೆಯ ಗಡಿಯಾರ ಕೇಳಿತು. ನಮ್ಮ ಮಗ್ಗ, ಎದುರುಮನೆಯ ಮಗ್ಗ, ಹಿಂದಿನ ಬೀದಿಯ ಮಗ್ಗ ಮೂರೂ ಬೇರೆಬೇರೆ ತಾಳದಲ್ಲಿ ಕೇಳಿದವು. ಅತ್ತೆಯ ರಾಜಕುಮಾರಿ ಕಾಡಿಗೆ ಹೋದಾಗ ಹೆದ್ದಾರಿಯ ಲಾರಿಯೊಂದು ಅವಳ ಹಿಂದೆಯೇ ಹಾರನ್ ಹೊಡೆದುಕೊಂಡು ಹೋಯಿತು. ಕೊನೆಗೆ ಪಕ್ಕದ ಮನೆಯ ಅಡುಗೆಮನೆ ಸ್ಪಷ್ಟವಾಗಿ ಕೇಳತೊಡಗಿತು.

“ನೋಡಿ ಅತ್ತೆ, ಎಷ್ಟು ಗಲಾಟೆ” ಎಂದು ಹೆಡ್‌ಫೋನನ್ನು ಅತ್ತೆಯ ಕಿವಿಗೆ ಇಟ್ಟದ್ದು ನನ್ನ ಎರಡನೆಯ ತಪ್ಪು. ಅತ್ತೆ ಕಣ್ಣರಳಿಸಿದರು. ಮುಖದಲ್ಲಿ ದೇವರ ದರ್ಶನವಾದವರ ಕಳೆ. ನನಗೆ ಸುಮ್ಮನಿರೆಂದು ಕೈ ಮಾಡಿದರು. ಅಂದು ಭಾನುವಾರ, ಪಕ್ಕದ ಮನೆಯಲ್ಲಿ ಸೀರಗ ಸಾಂಬಾ ಅಕ್ಕಿಯ ಬಿರಿಯಾನಿ.

“ಮೆತ್ತನೆ ತುಂಡೆಲ್ಲ ಗಂಡಂಗೆ ಎತ್ತಿಕ್ಕಿದ್ಲು,” ಎಂದು ಅತ್ತೆ ನೇರ ಪ್ರಸಾರ ಕೊಟ್ಟರು. “ಅತ್ತೆಗೆ ಮೂಳೆ. ಅಯ್ಯೋ ಶಿವನೇ, ನಾನು ಒಂದು ವರ್ಸದಿಂದ ಏಳ್ತಾ ಇದ್ದೆ, ಯಾರೂ ನಂಬಲಿಲ್ಲ!”

ಸ್ವಲ್ಪ ಹೊತ್ತಾದ ಮೇಲೆ ಹೆಡ್‌ಫೋನು ತೆಗೆದು ನನ್ನ ಕೈಗೆ ಕೊಟ್ಟರು. “ನಿನ್ನ ಬಗ್ಗೆ ಮಾತಾಡ್ತಾವ್ರೆ, ಕೇಳ್ಕೋ.”

ಕೇಳಿಕೊಂಡೆ. ಬೆಂಗಳೂರಿನವನು ಕೆಲಸ ಕಳೆದುಕೊಂಡಿರಬೇಕು, ಇಲ್ಲದಿದ್ದರೆ ನಲವತ್ತು ದಾಟಿದ ಗಂಡಸು ಮುದುಕಿಯ ಮುಂದೆ ಟಾರ್ಚಿನಂಥದ್ದು ಹಿಡಿದು ದಿನವಿಡೀ ಯಾಕೆ ಕೂರುತ್ತಾನೆ ಎಂಬುದು ಅಲ್ಲಿನ ತೀರ್ಮಾನವಾಗಿತ್ತು. ಧ್ವನಿ ಮಾತ್ರ ನಿಜಕ್ಕೂ ಸ್ಟುಡಿಯೋ ಗುಣಮಟ್ಟದ್ದು.

ಆ ಕಂಡೆನ್ಸರನ್ನು ಅತ್ತೆ ವಾಪಸು ಕೊಡಲಿಲ್ಲ. “ಇದು ಒಳ್ಳೆ ಮೈಕು, ಇಲ್ಲೇ ಇರ್ಲಿ” ಎಂದರು. ಫೋಮಿನ ಹಾಳೆಗಳಲ್ಲಿ ಎರಡು ಪಾತ್ರೆ ತೊಳೆಯುವ ಜಾಗ ಸೇರಿದ್ದವು. ಉಳಿದವನ್ನು ಒಟ್ಟಿ ಅತ್ತೆ ಸೊಂಟನೋವಿಗೆ ದಿಂಬು ಮಾಡಿಕೊಂಡಿದ್ದರು.

ಸೂಕ್ಷ್ಮ ಕಿವಿಯಿಂದ ಪೆಟ್ಟು ತಿಂದವನು ಮಂದ ಕಿವಿಯ ಕಡೆ ತಿರುಗುವುದು ಸಹಜ. ಡೈನಮಿಕ್ ಮೈಕುಗಳ ವಂಶಾವಳಿ ತೆಗೆದೆ. ಶ್ಯೂರ್ ಕಂಪನಿಯ ಎಸ್‌ಎಂ7 ಎಂಬ ಮೈಕು 1973ರಲ್ಲಿ ಬಂದದ್ದು. ಮೈಕಲ್ ಜಾಕ್ಸನ್ 1982ರ ‘ಥ್ರಿಲ್ಲರ್’ ಆಲ್ಬಮ್ಮಿಗೆ ಹಾಡಿದ್ದು ಅದರ ಮುಂದೆ. ಅದರ ಮುಂದಿನ ತಲೆಮಾರಿನ ಎಸ್‌ಎಂ7ಬಿ ಇವತ್ತು ಜಗತ್ತಿನ ಅರ್ಧ ಪಾಡ್‌ಕಾಸ್ಟಿನವರ ಮೂಗಿನ ಮುಂದೆ ತೂಗುತ್ತಿರುತ್ತದೆ. ಮೈಕಲ್ ಜಾಕ್ಸನ್‌ಗೆ ಸಾಕಾದದ್ದು ನಮ್ಮತ್ತೆಗೂ ಸಾಕಾದೀತು ಎನಿಸಿತು. ಬೆಲೆ ನೋಡಿ ಆ ಮನೆತನದ ಸಂಬಂಧ ನಮಗೆ ಒಗ್ಗುವುದಲ್ಲವೆಂದು ತಿಳಿದು, ಹೆಸರಿಲ್ಲದ ದೂರದ ನೆಂಟನೊಬ್ಬನನ್ನು 9,800ಕ್ಕೆ ಕೊಂಡೆ. ‘ಕಾರ್ಡಿಯಾಯ್ಡ್’ ಎಂದು ಬರೆದಿತ್ತು. ಅಂದರೆ ಹೃದಯದ ಆಕಾರದಲ್ಲಿ ಕೇಳುತ್ತದೆ: ಮುಂದಿನದು ಚೆನ್ನಾಗಿ, ಪಕ್ಕದ್ದು ಕಡಿಮೆ, ಬೆನ್ನ ಹಿಂದಿನದು ಇಲ್ಲವೇ ಇಲ್ಲವೆನ್ನುವಷ್ಟು. ಸರ್ಕಾರಿ ಕಚೇರಿಗೆ ಹೇಳಿ ಮಾಡಿಸಿದಂಥ ಗುಣ.

ದೀಪಾವಳಿ ಮುಗಿದ ವಾರ ಮತ್ತೆ ಹೋದೆ. ಅತ್ತೆಯನ್ನು ಗೋಡೆಗೆ ಒರಗಿಸಿ ಕೂರಿಸಿದೆ, ಎರಡು ಮೊಳ ದೂರದಲ್ಲಿ ಮೈಕು ನಿಲ್ಲಿಸಿದೆ. ಅತ್ತೆ ಮಾತಾಡಿದರು. ಹೆಡ್‌ಫೋನಿನಲ್ಲಿ ಇರುವೆ ಪಿಸುಗುಟ್ಟಿದಂತಾಯಿತು. ಇಂಟರ್‌ಫೇಸಿನ ಗೇನ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ ‘ಸ್ಸ್ಸ್’ ಎಂಬ ಸದ್ದಿನ ಹಿಂದೆ ಅತ್ತೆ ಎಲ್ಲೋ ದೂರದಲ್ಲಿ, ಬಹುಶಃ ಪಳನಿಯಲ್ಲಿ, ಕಥೆ ಹೇಳುತ್ತಿದ್ದರು. ಮೈಕನ್ನು ಬಾಯಿಗೆ ಎರಡು ಬೆರಳಷ್ಟು ಹತ್ತಿರ ತಂದೆ. ತೀರಾ ಹತ್ತಿರ ಬಂದರೆ ಇಂಥ ಮೈಕುಗಳು ದನಿಯ ಕೆಳಸ್ವರಗಳನ್ನು ಉಬ್ಬಿಸುತ್ತವೆ. ಅತ್ತೆಯ ದನಿ ಊರಂಚಿನ ಅಯ್ಯನಾರು ಕುದುರೆಯಿಂದ ಇಳಿದು ಬಂದು ಮಾತಾಡಿದಂತಾಯಿತು. ಅದನ್ನು ಕೇಳಿಸಿದಾಗ ಮೊಮ್ಮಗಳು ಅಳುತ್ತಾ ಹೊರಗೆ ಓಡಿದಳು.

ಆ ಹೊತ್ತಿಗೆ ಬಂದವರು ಮೈಕ್ ಸೆಟ್ ಮಾವ. ಹುಟ್ಟಿದ್ದು ನೇಕಾರನಾಗಿ, ಬದುಕಿದ್ದು ಮೈಕ್ ಸೆಟ್ಟಿನಲ್ಲಿ. ನಲವತ್ತು ವರ್ಷಗಳಿಂದ ನಮ್ಮ ಚೌಡೇಶ್ವರಿ ಗುಡಿಯ ಹಬ್ಬ, ಮದುವೆ, ಕಿವಿ ಚುಚ್ಚುವುದು, ಎಲೆಕ್ಷನ್ನು, ಎಲ್ಲದಕ್ಕೂ ಅವರದೇ ಕೊಳವೆ ಸ್ಪೀಕರು. ಬಂದವರೇ ನನ್ನ 9,800 ರೂಪಾಯಿಯ ಮೈಕನ್ನು ಬದನೆಕಾಯಿ ಹಿಡಿದಂತೆ ಹಿಡಿದು, ತಲೆಗೆ ಎರಡು ಮೊಟಕಿ, “ಫೂ, ಫೂ” ಎಂದು ಊದಿದರು. ಹೆಡ್‌ಫೋನು ಹಾಕಿಕೊಂಡಿದ್ದವನು ನಾನು. ಆಮೇಲೆ ಅವರು ಹೇಳಿದ ಮೊದಲೆರಡು ಮಾತು ನನಗೆ ಕೇಳಿಸಲಿಲ್ಲ.

“ಎಷ್ಟು ದೂರ ಇಟ್ಟಿದ್ದೆ ಮಾಪ್ಳೆ?”

“ಎರಡು ಮೊಳ ಮಾವ. ಆಮೇಲೆ ಎರಡು ಬೆರಳು.”

ಮಾವ ನನ್ನನ್ನು ಕನಿಕರದಿಂದ ನೋಡಿದರು. ಬಲಗೈ ಅಗಲಿಸಿ ಹೆಬ್ಬೆರಳನ್ನು ಮೈಕಿನ ತಲೆಗೂ ಕಿರುಬೆರಳನ್ನು ಅತ್ತೆಯ ಗಲ್ಲಕ್ಕೂ ಇಟ್ಟರು. “ಇದು ಗೇಣು. ಇದೇ ಅಳತೆ. ಒಂದು ಗೇಣು ಎರಡು ಗೇಣಾದ್ರೆ ಅರ್ಧ ಮಾತು ಗಾಳಿಪಾಲು.”

ನಾನು ಓದಿದ ಪುಟಗಳಲ್ಲಿ ಇದನ್ನೇ, ದೂರ ಇಮ್ಮಡಿಯಾದರೆ ಆರು ಡೆಸಿಬೆಲ್ ಇಳಿಯುತ್ತದೆ ಎಂದು ಬರೆದಿದ್ದರು. ಮಾವನ ಗೇಣು ಹೆಚ್ಚು ಸುಲಭವಾಗಿ ಅರ್ಥವಾಯಿತು.

“ವಾಲ್ಯೂಮ್ ಏರಿಸಿದೆ ಮಾವ, ಆದ್ರೂ…”

“ದೂರದ ಬಾಯಿಗೆ ವಾಲ್ಯೂಮ್ ಏರಿಸಿದ್ರೆ ಬಾಯಿ ಅತ್ತಿರ ಬರಲ್ಲ, ಬೀದಿ ಅತ್ತಿರ ಬರುತ್ತೆ.”

ಈ ಒಂದು ಮಾತಿಗೆ ನಾನು ಅದುವರೆಗೆ 26,400 ರೂಪಾಯಿ ಖರ್ಚು ಮಾಡಿದ್ದೆ. ಮಾವ ಒಂದು ಲೋಟ ಟೀ ಕುಡಿದು ಹೋದರು.

ಗೇಣಿನ ಲೆಕ್ಕ ಗೊತ್ತಾಯಿತು. ಆದರೆ ಅತ್ತೆಯನ್ನು ಗೇಣಿನಲ್ಲಿ ಹಿಡಿದಿಡುವುದು ಹೇಗೆ? ಅವರು ಕಥೆ ಹೇಳುವಾಗ ರಾಕ್ಷಸನಾಗಿ ಹಿಂದಕ್ಕೆ ವಾಲುತ್ತಾರೆ, ಮುದುಕಿಯಾಗಿ ಮುಂದಕ್ಕೆ ಬಾಗುತ್ತಾರೆ, ನಡುವೆ ಕಾಗೆ ಓಡಿಸಲು ಪಕ್ಕಕ್ಕೆ ತಿರುಗುತ್ತಾರೆ. ತಿರುಗಿದ ಕೂಡಲೇ ಡೈನಮಿಕ್ ಮೈಕು ಅವರನ್ನು ಕೈಬಿಡುತ್ತದೆ. ಜೊತೆಗೆ ಅತ್ತೆಗೆ ಆ ಮುಖವೇ ಹಿಡಿಸಿರಲಿಲ್ಲ. “ಊಂ ಅನ್ನಲ್ಲ, ಉಸ್ ಅನ್ನಲ್ಲ, ಇದ್ರ ಮುಂದೆ ಏನ್ ಕತೆ ಏಳ್ಲಿ?” ಎಂದರು.

ಆದ್ದರಿಂದ ಕಾರ್ತಿಗೈ ತಿಂಗಳಲ್ಲಿ ಮೂರನೆಯ ಮೈಕು: 950 ರೂಪಾಯಿಯ ಕಾಲರ್ ಮೈಕು. ಬಟಾಣಿಯಷ್ಟು ದಪ್ಪ. ಇದರ ಒಳಗಿರುವುದು ಎಲೆಕ್ಟ್ರೆಟ್ ಎಂಬ ತಂತ್ರ. 1962ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬಿಬ್ಬರು ರೂಪಿಸಿದ್ದು. ಪೊರೆಯಲ್ಲೇ ಚಾರ್ಜು ಶಾಶ್ವತವಾಗಿ ಕೂತಿರುವುದರಿಂದ 48 ವೋಲ್ಟಿನ ದೆವ್ವ ಬೇಡ. ಗುಂಡಿಯಷ್ಟಿರುವ ಸೆಲ್ಲು ಸಾಕು. ಬಟ್ಟೆಗೆ ಕಚ್ಚಿಸಿದರೆ ಅತ್ತೆ ಎತ್ತ ವಾಲಿದರೂ ಮೈಕು ಜೊತೆಗೇ ವಾಲುತ್ತದೆ. ಗೇಣಿನ ಸಮಸ್ಯೆ ಬಗೆಹರಿಯಿತು! ಸೆರಗಿಗೆ ಕಚ್ಚಿಸಿದೆ.

ಅತ್ತೆ ಮೈಕಿನ ವೈರನ್ನು ಬಿಚ್ಚಿಬಿಚ್ಚಿ ನೋಡಿದರು. “ಎಷ್ಟುದ್ದ ಇದು?”

“ಆರು ಮೀಟರ್.”

“ನನ್ ಸೀರೇನೇ ಐದೂವರೆ” ಎಂದು ನಕ್ಕರು. ನೇಕಾರರ ಮನೆಯಲ್ಲಿ ಉದ್ದಳತೆಯ ವಿಷಯದಲ್ಲಿ ಯಾರನ್ನೂ ಮೋಸ ಮಾಡಲಾಗುವುದಿಲ್ಲ.

ಆದರೆ ನಾನು ಮರೆತದ್ದು ಆ ಸೀರೆಯನ್ನೇ. ನಮ್ಮೂರಿನ ಹತ್ತಿಸೀರೆ, ಹೊಸದು, ಗಂಜಿ ಹಾಕಿದ್ದು. ಮೈಕು ಹಿಡಿದ ಅತಿಥಿ ಬೆಂಗಳೂರಿನಿಂದ ಬಂದಿದ್ದಾನೆಂದು ಅತ್ತೆ ಪೆಟ್ಟಿಗೆಯಿಂದ ತೆಗೆದುಟ್ಟಿದ್ದರು. ಉಸಿರಾಡಿದರೆ ಸರ್, ಕೈಯೆತ್ತಿದರೆ ಸರಸರ. ಒಣಗಿದ ತೆಂಗಿನಗರಿಯ ಮೇಲೆ ಹಸು ಮಗ್ಗುಲು ಬದಲಿಸಿದಂತೆ ಕೇಳಿತು. ಅದರ ಮೇಲೆ ಕತ್ತಿನ ಸರದ ಟಿಣ್‌ಟಿಣ್. ಹೋಗಲಿ ಎಂದುಕೊಂಡು ಮುಂದುವರಿಸಿದೆ. ಕಥೆಯ ಮಧ್ಯದಲ್ಲಿ ಅತ್ತೆಗೆ ಒಲೆಯ ಮೇಲಿನ ಅನ್ನದ ನೆನಪಾಯಿತು, ಎದ್ದು ನಡೆದರು. ಆರು ಮೀಟರು ಮುಗಿಯುವ ಜಾಗದಲ್ಲಿ ನನ್ನ ಫೋನು ಮೇಜಿನಿಂದ ಹಾರಿ, ಹೊಸಲು ದಾಟಿ, ಗುಂಡಿಮಗ್ಗದ ಗುಂಡಿಯೊಳಗೆ ಅಣ್ಣನ ಕಾಲ ಮೇಲೆ ಬಿತ್ತು. ಫೋನಿಗೆ ಏನೂ ಆಗಲಿಲ್ಲ. ಅಣ್ಣ ಅಂದದ್ದನ್ನು ಮಾತ್ರ ಬರೆಯುವಂತಿಲ್ಲ. ರೆಕಾರ್ಡಾದರೂ ಆಗಿದೆಯೇ ಎಂದು ನೋಡಿದೆ: ನಲವತ್ತು ನಿಮಿಷ, ಅಚ್ಚುಕಟ್ಟಾದ ನಿಶ್ಶಬ್ದ. ಮೈಕಿನ ಮೇಲೆ ಫೋನಿಗೊಂದು ಕ್ಯಾಮೆರಾಕ್ಕೊಂದು ಸ್ವಿಚ್ಚಿರುತ್ತದೆ. ನಾನು ಕ್ಯಾಮೆರಾದ ಕಡೆ ತಳ್ಳಿದ್ದೆ. ಹೆಡ್‌ಫೋನಿನಲ್ಲಿ ಕೇಳಿದ್ದ ಸರಸರವೆಲ್ಲ ಮೊದಲು ಪರೀಕ್ಷೆ ಮಾಡಿದಾಗಿನದು. ಆಮೇಲೆ ಸ್ವಿಚ್ಚು ಮುಟ್ಟುವ ಚಪಲ ತಡೆಯಲಾಗಿರಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ. ಊರನ್ನೇ ಸುಮ್ಮನಿರಿಸುವುದು. ಅದಕ್ಕೂ ಒಂದು ದಿನವಿದೆ. ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗಕ್ಕೆ ಕೈ ಹಾಕುವುದಿಲ್ಲ. ನಮ್ಮ ಮೂಲಪುರುಷ ದೇವಲ ಮುನಿ ನೂಲು ತರುವಾಗ ರಾಕ್ಷಸರು ಅಡ್ಡಗಟ್ಟಿದರೆಂದೂ, ಚೌಡೇಶ್ವರಿ ಪ್ರತ್ಯಕ್ಷಳಾಗಿ ಕಾಪಾಡಿದ್ದು ಅಮಾವಾಸ್ಯೆಯಂದೆಂದೂ ನಮ್ಮ ಪುರಾಣ. ತೈ ಅಮಾವಾಸ್ಯೆಗೆ ಎರಡು ದಿನ ರಜೆ ಹಾಕಿ ಹೋದೆ. ಕೋಣೆಯನ್ನೂ ಈ ಸಲ ಯೋಚಿಸಿ ಆರಿಸಿದೆ: ನೇಯ್ದ ಸೀರೆಗಳನ್ನು ಅಂಗಡಿಗೆ ಕೊಡುವವರೆಗೆ ಪೇರಿಸಿಡುವ ಒಳಕೋಣೆ. ಬಾಗಿಲು ಹಾಕಿ ಒಂದು ಚಪ್ಪಾಳೆ ತಟ್ಟಿದೆ. ಸದ್ದು ಅಲ್ಲೇ ಸತ್ತಿತು. ಮೂರು ಗೋಡೆಗೆ ಆಳೆತ್ತರ ಬಟ್ಟೆ. ಮಾತು ಬಡಿದು ವಾಪಸು ಬರಲು ಬರಿ ಗೋಡೆಯೇ ಇಲ್ಲ. ಬೆಂಗಳೂರಿನಲ್ಲಿ 1,600 ಕೊಟ್ಟು ಫೋಮು ಕೊಂಡವನ ಸ್ವಂತ ಮನೆಯಲ್ಲಿ, ತಾತನ ಕಾಲದಿಂದ ಸ್ಟುಡಿಯೋ ಇತ್ತು.

ಕೋಣೆ ಸರಿ, ದಿನ ಸರಿ, ಗೇಣು ಸರಿ. ಬಟನ್ ಒತ್ತಿದೆ. ಅತ್ತೆ ಸುಮ್ಮನೆ ಕೂತಿದ್ದರು.

“ಏಳಿ ಅತ್ತೆ” ಎಂದೆ, ಅವರದೇ ಉಚ್ಚಾರಣೆಯಲ್ಲಿ. ಅವರು ಎದ್ದು ನಿಂತರು.

“ಅಯ್ಯೋ ಕೂತ್ಕೊಳ್ಳಿ, ಕಥೆ ಹೇಳಿ ಅಂದೆ.”

ಕೂತರು. ತೊಡೆಯ ಮೇಲಿನ ಎರಡು ಕೈಗಳನ್ನೂ ನೋಡಿಕೊಂಡರು. “ಬರ್ತಾ ಇಲ್ಲ ಕಣಪ್ಪ. ಕೈ ಸುಮ್ನಿದ್ರೆ ಬಾಯಿ ಓಡಲ್ಲ.” ಎಪ್ಪತ್ತು ವರ್ಷ ಅವರು ಕಥೆ ಹೇಳಿದ್ದು ಹೆಚ್ಚಾಗಿ ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಾ. ಅಮಾವಾಸ್ಯೆಯಂದು ರಾಟೆಯನ್ನೂ ಮುಟ್ಟುವಂತಿಲ್ಲ. ಎಂಟು ತಿಂಗಳು ಕಾದು ಸಂಪಾದಿಸಿದ ನಿಶ್ಶಬ್ದವನ್ನು ಇಬ್ಬರೂ ಎದುರುಬದುರು ಕೂತು ಅನುಭವಿಸಿದೆವು. ಆಮೇಲೆ ವಡೆ ತಿಂದೆವು.

ಮರುದಿನ ಊರು ಮತ್ತೆ ಟಕ್‌ಟಕಾ. ರಾಟೆಯನ್ನೇ ಸೀರೆ ಕೋಣೆಗೆ ತಂದಿಟ್ಟೆವು. ಬಾಗಿಲು ಹಾಕಿದರೆ ಮಗ್ಗಗಳ ಸದ್ದು ಮುಕ್ಕಾಲು ಪಾಲು ಬಟ್ಟೆಯಲ್ಲಿ ಇಂಗಿತು. ರಾಟೆಯ ಮುಂದೆ ಕೂತ ಅತ್ತೆ ಅತ್ತಿತ್ತ ವಾಲಲಿಲ್ಲ; ಬಲಗೈ ಹಿಡಿಯ ಮೇಲೆ, ಎಡಗೈ ನೂಲಿನ ಮೇಲೆ, ಎರಡೂ ಅವರನ್ನು ಕೂತಲ್ಲೇ ಕಟ್ಟಿಹಾಕಿದವು. ತೊಟ್ಟಿಲು ತೂಗುಹಾಕುವ ಕೊಕ್ಕೆಗೆ ಹಳೇ ಸೀರೆಯ ಅಂಚು ಕಟ್ಟಿ, ಡೈನಮಿಕ್ ಮೈಕನ್ನು ಅವರ ಬಾಯಿಂದ ಒಂದು ಗೇಣಿಗೆ ಇಳಿಬಿಟ್ಟೆ. ಮೈಕಿನ ಬೆನ್ನು ರಾಟೆಯ ಕಡೆಗೆ. ಆದರೂ ರಾಟೆಯ ಕಿರ್‌ಕಿರ್ ಸಣ್ಣಗೆ ಕೇಳುತ್ತಿತ್ತು. ನಾನು ಬುದ್ಧಿವಂತನಲ್ಲವೆ? ಅತ್ತೆ ನೀರು ಕುಡಿಯಲು ಎದ್ದಾಗ ರಾಟೆಯ ಅಚ್ಚಿಗೆ ನಾಲ್ಕು ಹನಿ ಕೊಬ್ಬರಿಎಣ್ಣೆ ಬಿಟ್ಟೆ.

ವಾಪಸು ಬಂದು ಎರಡು ಸುತ್ತು ತಿರುಗಿಸಿದವರೇ ನಿಲ್ಲಿಸಿದರು. “ಯಾರು ಎಣ್ಣೆ ಬಿಟ್ಟದ್ದು?”

“ನಾನೇ. ಕಿರ್ ಅಂತಿತ್ತು.”

“ಅದು ಕಿರ್ ಅನ್ನೋದು ನಿಂತ್ರೆ ನೂಲು ಕಿತ್ತೋಗಿದೆ ಅಂತ ಅರ್ತ. ಕಣ್ಣು ಮಂಜಾಗಿ ನಾಕು ವರ್ಸ ಆಯ್ತು, ಕಿವೀಲಿ ಸುತ್ತೋದು ನಾನು. ಈಗ ಎಂಗೆ ಸುತ್ಲಿ?”

ನಾನು ಮೂರು ಮೈಕು ಹಾಳುಗೆಡವಿ ತೆಗೆಯಲು ಹೆಣಗಿದ ಸದ್ದು ಅತ್ತೆಯ ಉಪಕರಣವಾಗಿತ್ತು. ಬಟ್ಟೆ ತಂದು ಅಚ್ಚಿನ ಎಣ್ಣೆ ಒರೆಸಿದೆ, ಮತ್ತೊಂದು ಬಟ್ಟೆಯಲ್ಲಿ ಒರೆಸಿದೆ. ಅರ್ಧ ಗಂಟೆಯ ನಂತರ ರಾಟೆ ಕಿರ್ ಎಂದಿತು, ಅತ್ತೆ ಕಥೆ ಶುರು ಮಾಡಿದರು. ಹದಿನಾಲ್ಕು ನಿಮಿಷ, ಒಂದೇ ಉಸಿರಿನಲ್ಲಿ, ಎರಡು ಕಥೆ. ಕೇಳಿದರೆ ಅತ್ತೆ ಪಕ್ಕದಲ್ಲೇ ಕೂತಂತಿದೆ. ಅದೇ ನನ್ನ ಪಾಡ್‌ಕಾಸ್ಟಿನ ಮೊದಲ, ಸದ್ಯಕ್ಕೆ ಕೊನೆಯ ಸಂಚಿಕೆ. ಈವರೆಗೆ ಮೂವತ್ತೊಂದು ಜನ ಕೇಳಿದ್ದಾರೆ. ಅವರಲ್ಲಿ ಹತ್ತೊಂಬತ್ತು ಮಂದಿ ನೆಂಟರು, ಒಬ್ಬರು ಮೈಕ್ ಸೆಟ್ ಮಾವ. ಅವರ ವಿಮರ್ಶೆ ಒಂದೇ ಸಾಲು: “ಎಕೋ ಹಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು.”

ಒಟ್ಟು ಲೆಕ್ಕ: 27,350 ರೂಪಾಯಿ, ಬಸ್ ಚಾರ್ಜು ಬೇರೆ. ಮೈಕು ಕೊಳ್ಳುವವರು ಕೇಳಿದರೆ ನಾನೀಗ ಹೇಳುವುದು ಇಷ್ಟೆ. ಮೊದಲು ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ. ಸದ್ದು ಮೊಳಗಿದರೆ ಬಟ್ಟೆಬರೆ ತುಂಬಿದ ಕೋಣೆ ಹುಡುಕಿ. ಆಮೇಲೆ ಒಂದು ಗೇಣು ಅಳೆಯಿರಿ. ಸುತ್ತ ಗಲಾಟೆಯಿದ್ದರೆ ಡೈನಮಿಕ್, ಮನೆ ನಿಜವಾಗಿಯೂ ನಿಶ್ಶಬ್ದವಾಗಿದ್ದರೆ ಕಂಡೆನ್ಸರ್, ಮಾತಾಡುವವರು ಓಡಾಡುವವರಾದರೆ ಕಾಲರ್ ಮೈಕು ಮತ್ತು ಹಳೇ ಮೆತ್ತನೆಯ ಸೀರೆ. ಮೂರು ಪಿನ್ನಿನ ಮೈಕು ಕೊಳ್ಳುವ ಮೊದಲು ಅದನ್ನು ಯಾವುದಕ್ಕೆ ಚುಚ್ಚುತ್ತೀರೆಂದು ಕೇಳಿಕೊಳ್ಳಿ. ಇವೆಲ್ಲ ಕೈಗೆ ಬರುವವರೆಗೆ ಕಾಯಬೇಡಿ. ಹೇಳುವವರು ಎದುರಿಗಿದ್ದಾಗ ಜೇಬಿನ ಫೋನು ತೆಗೆದು ಒತ್ತಿಬಿಡಿ.

ಏಕೆಂದರೆ ಅಂದು ಕಥೆ ಮುಗಿದ ಮೇಲೆ, ಮೈಕು ಇನ್ನೂ ಚಾಲೂ ಇರುವಾಗಲೇ, ವೈಗಾಸಿಯಿಂದ ಬಾಕಿ ಉಳಿದಿದ್ದ ಒಗಟಿನ ಉತ್ತರ ಕೇಳಿದೆ. ದಿನಾ ಹತ್ತೂರು ನಡೆಯುವ, ಹೊಸಲು ದಾಟದ, ಹೊಟ್ಟೆ ತುಂಬ ನೂಲಿದ್ದೂ ಕೋಮಣವಿಲ್ಲದವನು ಯಾರು? ಅತ್ತೆ ರಾಟೆ ನಿಲ್ಲಿಸಿದರು. ಸೂರು ನೋಡಿದರು. ಎಲೆ ಅಡಿಕೆ ಚೀಲ ಬಿಚ್ಚಿ ಮತ್ತೆ ಕಟ್ಟಿದರು. “ಮರ್ತೋಯ್ತು ಕಣಪ್ಪ” ಎಂದರು. ಆ ಭಾಗ ನನ್ನ ಬಳಿ ಸ್ಟುಡಿಯೋ ಗುಣಮಟ್ಟದಲ್ಲಿ ಇದೆ. ಓದುಗರಲ್ಲಿ ಯಾರಿಗಾದರೂ ಉತ್ತರ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಲಾಳಿ ಅಲ್ಲವಂತೆ.